ಬೆಂಚಿನಲ್ಲಿ ಪಕ್ಕ ಕೂತಿದ್ದ ಅಕ್ಕನಿಗೆ

ನಿಮ್ಮ ಹೆಸರು ಕೇಳಲೇ ಇಲ್ಲ, ಅಕ್ಕ. ಮಾತು ಬಾರದ ನನ್ನ ಮಗ ಕಿವಿಯ ಹತ್ತಿರ ಗುದ್ದಿಕೊಳ್ಳುತ್ತಿದ್ದ. ಹಟ ಅಂತ ಎಲ್ಲರೂ ಅಂದರು, ನಾನೂ ನಂಬಿದ್ದೆ. ನೀವು ಮಾತ್ರ, "ಕಿವಿನೋವು, ಹಲ್ಲುನೋವು, ಮಲಬದ್ಧತೆ ಇದ್ದರೂ ಹೀಗೆ ಮಾಡ್ತಾರೆ, ಮೊದಲು ಡಾಕ್ಟರಿಗೆ ತೋರಿಸಿ. ಹೊಡೆದುಕೊಳ್ಳುವ ಮೊದಲು ಏನಾಯ್ತು, ಆಮೇಲೆ ಏನಾಯ್ತು ಅಂತ ಬರೆದಿಡಿ" ಅಂದಿರಿ.

ಕಿವಿಯೊಳಗೆ ಸೋಂಕಿತ್ತು! ಎಷ್ಟು ದಿನ ಸುಮ್ನೆ ಗದರಿದ್ದೆ. ಔಷಧಿಯಿಂದ ಬಹಳ ಕಡಿಮೆಯಾಯಿತು. ಉಳಿದದ್ದು ಕಷ್ಟದ ಕೆಲಸ ಕೊಟ್ಟಾಗ ಮಾತ್ರ ಅಂತ ಬರೆದಿಟ್ಟದ್ದರಿಂದ ಗೊತ್ತಾಯಿತು. ಹೊಡೆದುಕೊಂಡರೆ ನಾವು ಕೆಲಸ ಬಿಡಿಸುತ್ತಿದ್ದೆವು. ಅವನು ಅದನ್ನೇ ಕಲಿತಿದ್ದ, ಅಲ್ವಾ?

ಈಗ 'ಸಾಕು' ಅನ್ನುವ ಚಿತ್ರದ ಕಾರ್ಡ್ ಕೊಟ್ಟಿದ್ದೇವೆ. ತೋರಿಸಿದ ಕೂಡಲೇ ಬಿಡುವು. ನಿನ್ನೆ ಮೂರು ಸಲ ತೋರಿಸಿದ. ತುಂಬಾ ಥ್ಯಾಂಕ್ಸ್, ಅಕ್ಕ.