ಎಂಜಿನ್ ಮನೇಲೇ ಇಳಿಸಿ, ಆದ್ರೆ ಕೊಟ್ಟಿಗೆ ತೊಲೆಗೆ ಕಟ್ಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ತಿಂಗಳು ನಮ್ಮ ಪಕ್ಕದೂರಲ್ಲಿ ಒಬ್ಬ ಹುಡುಗ ತನ್ನ ಹಳೇ ಸೀಡಿಯಾ ಕಾರಿನ ಎಂಜಿನ್ ಇಳಿಸೋಕೆ ಅಂತ ಕೊಟ್ಟಿಗೆ ತೊಲೆಗೆ ಚೈನ್ ಪುಲ್ಲಿ ಕಟ್ಟಿದಾನೆ, ಎಂಜಿನ್ ಅರ್ಧ ಮೇಲೆ ಬಂದಿತ್ತಂತೆ ಅಷ್ಟರಲ್ಲಿ ತೊಲೆ ಮುರಿದು ಎಂಜಿನ್ ನೆಲಕ್ಕೆ ಬಿತ್ತು. ಅವನು ಆಗ ನೀರು ಕುಡಿಯೋಕೆ ಒಳಗೆ ಹೋಗಿದ್ದ, ಅದಕ್ಕೇ ಕಾಲು ಉಳೀತು. ನಾನು ಹೋಗಿ ನೋಡ್ದೆ, ತೊಲೆ ಹೊರಗಿಂದ ನೋಡೋಕೆ ಗಟ್ಟಿ ಮರ, ಮುರಿದ ಜಾಗದಲ್ಲಿ ಒಳಗೆಲ್ಲ ಗೆದ್ದಲು ತಿಂದು ಬರೀ ಮಣ್ಣು. ಅವತ್ತಿಂದ ಊರಲ್ಲಿ ಎಲ್ರೂ ಆ ಹುಡುಗಂಗೆ ಬೈಯೋದೇ, ಇವನಿಗ್ಯಾಕೆ ಬೇಕಿತ್ತು, ಗ್ಯಾರೇಜಿಗೆ ಕೊಡ್ಬೋದಿತ್ತು ಅಂತ. ನನಗೆ ಅದು ಸರಿ ಅನ್ಸಲ್ಲ, ಅದಕ್ಕೇ ಈ ಪತ್ರ.

ನಮ್ಮ ಕಡೆ ಹುಡುಗರು ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣು ರಸ್ತೇಲಿ ಕಾರ್ ರ‍್ಯಾಲಿ ನೋಡ್ಕೊಂಡು ಬೆಳೆದವರು, ಸೀಡಿಯಾ ಅಲ್ಲಿ ಧೂಳೆಬ್ಬಿಸ್ಕೊಂಡು ಹೋಗೋದನ್ನ ನೋಡಿದವನಿಗೆ ಆ ಎಂಜಿನ್ ಒಳಗೆ ಏನಿದೆ ಅಂತ ಬಿಚ್ಚಿ ನೋಡೋ ಆಸೆ ಬರದೇ ಇರುತ್ತಾ. ಆಸೆ ತಪ್ಪಲ್ಲ. ಭಾರ ಎತ್ತೋದು ಹೇಗೆ ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ತಪ್ಪಿರೋದು ಅಲ್ಲಿ.

ನಾನೂ ಮನೆ ಅಂಗಳದಲ್ಲೇ ಎಂಜಿನ್ ಇಳಿಸ್ದವನು. ನನ್ನ ಹತ್ರ ಇರೋ ಕಾರು ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 1.8 ಲೀಟರ್ ಟರ್ಬೋ, 20 ವಾಲ್ವಿನ ಎಂಜಿನ್, 150 ಎಚ್‌ಪಿ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಆ 14 ತಿರುವಲ್ಲಿ ಎಲ್ಲೋ ಒಂದು ಕಡೆ ಆಯಿಲ್ ಪ್ರೆಷರ್ ಲೈಟು ಹತ್ಕೊಳ್ತು, ಕೂಡ್ಲೇ ಆಫ್ ಮಾಡಿ ಎಳೆಸ್ಕೊಂಡು ಮನೆಗೆ ತಂದೆ. ಈ ಎಂಜಿನ್ನಿಗೆ ಇರೋ ಕಾಯಿಲೆನೇ ಅದು, ಟರ್ಬೋ ಬಿಸಿಗೆ ಆಯಿಲ್ ಸುಟ್ಟು ಕರೀ ಜಿಡ್ಡಾಗಿ ಸಂಪಿನಲ್ಲಿ, ಅಂದ್ರೆ ಎಂಜಿನ್ ತಳದ ಆಯಿಲ್ ತೊಟ್ಟೀಲಿ, ಆಯಿಲ್ ಹೀರೋ ಜಾಲರಿಗೆ ಮೆತ್ಕೊಳ್ಳುತ್ತೆ, ಆಯಿಲ್ ಟೈಮಿಗೆ ಬದಲಾಯಿಸದೇ ಹೋದ್ರಂತೂ ಮುಗೀತು. ನನ್ನದರಲ್ಲಿ ಬೇರಿಂಗ್ ಸದ್ದು ಬೇರೆ ಶುರುವಾಗಿತ್ತು, ಹಾಗಾಗಿ ಸಂಪು ಮಾತ್ರ ಬಿಚ್ಚಿದ್ರೆ ಸಾಲ್ತಿರಲಿಲ್ಲ, ಇಡೀ ಎಂಜಿನ್ ಹೊರಗೆ ಬರ್ಬೇಕಿತ್ತು.

ನನ್ನ ಅದೃಷ್ಟ, ನಮ್ಮ ಚಿಕ್ಕಪ್ಪ ಭದ್ರಾವತಿ ಕಬ್ಬಿಣದ ಕಾರ್ಖಾನೆಲಿ ಖಲಾಸಿ ಆಗಿ ರಿಟೈರ್ ಆದವರು. ಖಲಾಸಿ ಅಂದ್ರೆ ಭಾರ ಎತ್ತಿ ಇಳಿಸೋ ಕೆಲಸ, ಜೀವಮಾನ ಪೂರ್ತಿ ಮೋಟರ್, ರೋಲರ್ ಅಂತ ಟನ್‌ಗಟ್ಟಲೆ ಎತ್ತಿದವರು. ನಾನೂ ಮೊದ್ಲು ಕೊಟ್ಟಿಗೆ ತೊಲೆನೇ ತೋರ್ಸಿದ್ದೆ. ಅವರು ಕತ್ತಿ ಹಿಡಿಯಿಂದ ತೊಲೆಗೆ ನಾಲ್ಕು ಕಡೆ ಬಡಿದು ಕಿವಿಗೊಟ್ಟು ಕೇಳಿ, "ಬ್ಯಾಡ ಮಾರಾಯ, ಒಳಗೆ ಟೊಳ್ಳಿದೆ" ಅಂದ್ರು. ಆಮೇಲೆ ಶಿವಮೊಗ್ಗಕ್ಕೆ ಹೋಗಿ ಸಾಗರ ರಸ್ತೆ ಆಟೋ ಕಾಂಪ್ಲೆಕ್ಸಲ್ಲಿ ಒಂದು ಗ್ಯಾರೇಜಿಂದ ಮಡಚೋ ಎಂಜಿನ್ ಕ್ರೇನ್ ಎರಡು ದಿನಕ್ಕೆ ಬಾಡಿಗೆಗೆ ತಂದ್ವಿ.

ಆ ಕ್ರೇನಿನ ಮೇಲೆ ಎರಡು ಟನ್ ಅಂತ ದೊಡ್ಡದಾಗಿ ಬರೆದಿತ್ತು. ಚಿಕ್ಕಪ್ಪ ನೋಡಿದ್ದು ಅದನ್ನಲ್ಲ, ತೋಳಿನ ಮೇಲಿರೋ ತೂತುಗಳನ್ನ. ತೋಳು ಪೂರ್ತಿ ಒಳಗಿದ್ರೆ ಮಾತ್ರ ಎರಡು ಟನ್, ಒಂದೊಂದು ತೂತು ಹೊರಗೆ ಎಳೆದ ಹಾಗೆ ಒಂದೂವರೆ, ಒಂದು, ಕೊನೇ ತೂತಿಗೆ ಬರೀ ಅರ್ಧ ಟನ್. ಕಾರಿನ ಮೂತಿ ದಾಟಿ ಎಂಜಿನ್ ತನಕ ಹೋಗ್ಬೇಕಾದ್ರೆ ತೋಳು ಉದ್ದ ಮಾಡ್ಲೇಬೇಕು. ಗೇರ್‌ಬಾಕ್ಸ್ ಸಮೇತ ನನ್ನ ಎಂಜಿನ್ ಸುಮಾರು ಇನ್ನೂರು ಕೆಜಿ, ಹಾಗಾಗಿ ನಡೀತು.

ಅದಕ್ಕಿಂತ ದೊಡ್ಡ ವಿಷಯ ಎಂಜಿನ್ ಕಟ್ಟಿ ಎತ್ತೋ ಬೆಲ್ಟಿಂದು. ಎಂಜಿನ್ ಮೇಲೆ ಎತ್ತೋಕೆ ಅಂತಾನೇ ಎರಡು ಕಡೆ ಕಬ್ಬಿಣದ ಕಿವಿ ಇರ್ತಾವೆ, ಅದಕ್ಕೆ ಬೆಲ್ಟಿನ ಎರಡು ತುದಿ ಶ್ಯಾಕಲ್, ಅಂದ್ರೆ ಕಬ್ಬಿಣದ ಕೊಂಡಿ ಹಾಕಿ ಸಿಕ್ಕಿಸಿ ಮಧ್ಯ ಕ್ರೇನಿನ ಕೊಕ್ಕೆಗೆ ಹಾಕೋದು. ನಾನು ಬೆಲ್ಟು ಗಿಡ್ಡ ಇಟ್ಟಿದ್ದೆ, ಬಾನೆಟ್ ಹತ್ರ ಜಾಗ ಉಳಿಯುತ್ತಲ್ಲ ಅಂತ. ಚಿಕ್ಕಪ್ಪ ಬಿಚ್ಚಿಸಿ ಉದ್ದ ಮಾಡ್ಸಿದ್ರು. ಕೊಕ್ಕೆಯಿಂದ ಎರಡು ಕಡೆ ಇಳಿಯೋ ಬೆಲ್ಟಿನ ಎರಡು ಕಾಲಿಗೆ ಇನ್ನೂರು ಕೆಜಿ ಹಂಚಿದ್ರೆ ನೂರು ನೂರು ಅಂತ ನಾವು ಅಂದ್ಕೋತೀವಿ, ಹಾಗಲ್ಲ ಅದು. ಬೆಲ್ಟಿನ ಕಾಲು ನೆಲದ ಮಟ್ಟಕ್ಕೆ 60 ಡಿಗ್ರಿ ನಿಂತಿದ್ರೆ ಒಂದೊಂದರ ಮೇಲೆ 115 ಕೆಜಿ ಎಳೆತ, ಅದೇ ಗಿಡ್ಡ ಮಾಡಿ 30 ಡಿಗ್ರಿಗೆ ಮಲಗಿಸಿದ್ರೆ ಒಂದೊಂದರ ಮೇಲೂ ಪೂರ್ತಿ ಇನ್ನೂರು ಬೀಳುತ್ತೆ, ಜೊತೆಗೆ ಎರಡು ಕಿವಿನೂ ಒಳಗಡೆಗೆ ಎಳೆದು ಬಗ್ಗಿಸುತ್ತೆ. ಬಾವಿ ಹಗ್ಗ, ನೈಲಾನ್ ಹಗ್ಗ ಯಾವುದೂ ಈ ಕೆಲಸಕ್ಕೆ ಬೇಡ. ನಮ್ಮ ಕೊನೆಗಾರರು ದಿನಾ ಅಡಿಕೆ ಮರ ಹತ್ತೋರು, ಆದ್ರೂ ಬೆಳಿಗ್ಗೆ ಕಾಲಿಗೆ ಹಾಕೋ ತಳೆ, ಹಗ್ಗ ಎರಡೂ ಕೈಯಲ್ಲಿ ಸವರಿ ನೋಡ್ದೇ ಹತ್ತಲ್ಲ. ಎಂಜಿನ್ ಬೆಲ್ಟನ್ನೂ ಹಾಗೇ ನೋಡ್ಬೇಕು, ಒಂದು ಎಳೆ ಕಿತ್ತಿದ್ರೂ ಪಕ್ಕಕ್ಕೆ ಹಾಕ್ಬೇಕು.

ಬಿಚ್ಚೋ ಕೆಲಸ ನಿಧಾನ ಅಷ್ಟೇ, ಕಷ್ಟ ಇಲ್ಲ. ಮೊದ್ಲು ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು ಸೆಲ್ಫ್ ಹೊಡೆದು ಪೈಪಿನ ಪ್ರೆಷರ್ ಇಳಿಸಿ, ಆಮೇಲೆ ಬ್ಯಾಟರಿ ಮೈನಸ್ ತೆಗೀರಿ. ಮುಂದಿನ ಬಂಪರ್, ರೇಡಿಯೇಟರ್ ಹಿಡಿದಿರೋ ಫ್ರೇಮು ಬಿಚ್ಚಿದ್ರೆ ಮುಂದಕ್ಕೆ ಎಳ್ಕೊಳ್ಳೋಕೆ ಒಳ್ಳೆ ಜಾಗ ಸಿಗುತ್ತೆ. ಎಸಿ ಪೈಪು ಮಾತ್ರ ಬಿಚ್ಬೇಡಿ. ಕಂಪ್ರೆಸರ್ ಕಂಡೆನ್ಸರ್ ಎರಡನ್ನೂ ಪೈಪ್ ಸಮೇತ ಪಕ್ಕಕ್ಕೆ ಕಟ್ಟಿ ನಿಲ್ಸಿ, ಆ ಪೈಪಿನೊಳಗಿನ ಗ್ಯಾಸ್ ಕಣ್ಣಿಗೆ ಬಿದ್ರೆ ಕಣ್ಣು ಹೋಗ್ಬೋದು, ಗಾಳಿಗೆ ಬಿಟ್ರೆ ಒಂದು ಕೆಜಿ 1,430 ಕೆಜಿ ಕಾರ್ಬನ್ ಡೈಆಕ್ಸೈಡಿಗೆ ಸಮ. ಕಾರಿನ ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಇಡಿ, ಜಂಬಿಟ್ಟಿಗೆ ಕಲ್ಲೋ ಸಿಮೆಂಟ್ ಬ್ಲಾಕೋ ಇಟ್ಟು ಕೆಳಗೆ ನುಗ್ಗೋರನ್ನ ಎಷ್ಟೋ ಸಲ ನೋಡಿದೀನಿ, ಅದು ಬಿರುಕು ಬಿಡೋ ಮುಂಚೆ ಸದ್ದೂ ಮಾಡಲ್ಲ.

ಎತ್ತೋ ದಿನ ಆಗಿದ್ದು ಹೇಳ್ತೀನಿ. ಎಂಜಿನ್ ಹಿಡಿದಿರೋ ಮೌಂಟಿಂಗ್ ಬೋಲ್ಟು ಎಲ್ಲ ತೆಗೆದಾಯ್ತು, ಕ್ರೇನ್ ಹ್ಯಾಂಡಲ್ ನನ್ನ ಕೈಯಲ್ಲಿ. ಎಂಜಿನ್ ಎರಡು ಇಂಚು ಎದ್ದಿತ್ತಷ್ಟೇ, ಚಿಕ್ಕಪ್ಪ "ನಿಲ್ಸು" ಅಂದ್ರು. ಟಾರ್ಚ್ ತಗೊಂಡು ಸುತ್ತ ಒಂದು ಸುತ್ತು ಬಂದು ಗೇರ್‌ಬಾಕ್ಸ್ ಹಿಂದೆ ಬೆರಳಿಟ್ಟು ತೋರ್ಸಿದ್ರು, ಅರ್ಥಿಂಗ್ ವೈರು ಒಂದು ಬಿಚ್ಚದೇ ಉಳಿದು ಬಿಗಿಯಾಗಿ ನಿಂತಿತ್ತು. ಇನ್ನೊಂದು ನಾಲ್ಕು ಸಲ ಹ್ಯಾಂಡಲ್ ಹೊಡೆದಿದ್ರೆ ಅದು ಕಿತ್ತು ಎಂಜಿನ್ ಜೋಲಿ ಹೊಡೆದು ಯಾರಿಗೆ ಬಡೀತಿತ್ತೋ. ಎರಡಿಂಚು ಎತ್ತು, ನಿಲ್ಸು, ಸುತ್ತ ನೋಡು, ಆಮೇಲೆ ಮುಂದೆ, ಕಾರ್ಖಾನೆಲಿ ಅವರು ಪ್ರತಿ ಸಲ ಮಾಡ್ತಿದ್ದದ್ದು ಅದನ್ನೇ ಅಂತೆ. ತೂಗ್ತಿರೋ ಭಾರದ ಕೆಳಗೆ ಕೈಯನ್ನೂ ಹಾಕೋಕೆ ಬಿಡ್ಲಿಲ್ಲ, ಎಂಜಿನ್ ತಿರುಗಿಸೋಕೆ ಒಂದು ಬಿದಿರಿನ ಕೋಲು ಕೊಟ್ರು.

ಕಾಲ ನೋಡ್ಕೊಂಡು ಕೈ ಹಾಕ್ಬೇಕು ಇದಕ್ಕೆ. ನಾನು ಅಡಿಕೆ ಕೊಯ್ಲು ಮುಗಿದು ಅಂಗಳ ಖಾಲಿ ಆದ್ಮೇಲೆ ಶುರು ಮಾಡ್ದೆ, ಸಿಮೆಂಟ್ ಅಂಗಳ ಆಗಿದ್ರಿಂದ ಕ್ರೇನಿನ ಸಣ್ಣ ಗಾಲಿ ಉರುಳ್ತು, ಮಣ್ಣಂಗಳದಲ್ಲಿ ಅದು ಹೂತು ಮಗುಚುತ್ತೆ. ಮೃಗಶಿರ ಮಳೆ ಹಿಡಿಯೋ ಮುಂಚೆ ವಾಪಸ್ ಕೂರ್ಸಿದ್ವಿ. ಕಬ್ಬಿಣದ ಬ್ಲಾಕು, ನಮ್ಮ ಮಳೆಗಾಲದ ಥಂಡಿಗೆ ಸಿಲಿಂಡರ್ ಒಳಗೆ ತುಕ್ಕು ಹಿಡಿಯೋಕೆ ಜಾಸ್ತಿ ದಿನ ಬೇಡ.

ಇಳಿಸಿದ ಆಯಿಲ್ ಬಗ್ಗೆ ಹೇಳ್ದೇ ಇದ್ರೆ ನನಗೆ ಸಮಾಧಾನ ಇಲ್ಲ. ನಮ್ಮ ಕಡೆ ಅದನ್ನ ಗೆದ್ದಲು ಬರ್ದಿರಲಿ ಅಂತ ಬೇಲಿ ಗೂಟಕ್ಕೆ ಬಳೀತಾರೆ, ಮಿಕ್ಕಿದ್ದು ತೋಟದ ಕಪ್ಪಿಗೆ, ಅಂದ್ರೆ ನೀರು ಹೋಗೋ ಕಾಲುವೆಗೆ ಚೆಲ್ತಾರೆ, ಆ ನೀರು ಹಳ್ಳ ಸೇರಿ ತುಂಗೆಗೇ ಹೋಗೋದು. ಬಳಸಿದ ಆಯಿಲ್ 2016ರ ಕೇಂದ್ರದ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ, ಕ್ಯಾನಿಗೆ ತುಂಬಿ ಆಯಿಲ್ ತಗೊಳ್ಳೋರಿಗೇ ಕೊಡಿ. ಕೂಲೆಂಟ್ ಇನ್ನೂ ಕೆಟ್ಟದ್ದು, ಸಿಹಿ ಇರೋದ್ರಿಂದ ನಾಯಿ, ದನ ನೆಕ್ಕುತ್ವೆ, ನೆಕ್ಕಿದ್ರೆ ಕಿಡ್ನಿ ಹೋಗಿ ಸಾಯ್ತವೆ. ಹಾಗೇ ಬೇರೆ ಎಂಜಿನ್ ತಂದು ಕೂರ್ಸೋ ಯೋಚನೆ ಇದ್ದೋರು ಮೊದ್ಲು ಆರ್‌ಟಿಒ ಹತ್ರ ಕೇಳಿ, ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಇದಕ್ಕೇ ಇರೋದು.

ಈಗ ನನ್ನ ಕೋರಿಕೆ. ಭದ್ರಾವತೀಲಿ 1923ರಿಂದ ಕಬ್ಬಿಣ ಕರಗಿಸಿದಾರೆ, ಮಾಚೇನಹಳ್ಳೀಲಿ ಫೌಂಡ್ರಿಗಳಿವೆ, ಭಾರ ಎತ್ತೋ ವಿದ್ಯೆ ಗೊತ್ತಿರೋ ಹಿರಿಯರು ನಮ್ಮ ಜಿಲ್ಲೇಲಿ ಮನೆ ಜಗಲಿ ಮೇಲೆ ಸುಮ್ನೆ ಕೂತಿದಾರೆ. ಸರ್ಕಾರಿ ಐಟಿಐಗಳಲ್ಲಿ ಎರಡು ವರ್ಷದ ಮೋಟಾರ್ ಮೆಕ್ಯಾನಿಕ್ ಕೋರ್ಸ್ ಇದೆ, ವರ್ಕ್‌ಶಾಪ್ ಇದೆ, ಭಾನುವಾರ ಬೀಗ ಹಾಕಿರುತ್ತೆ. ತಿಂಗಳಿಗೆ ಒಂದು ಭಾನುವಾರ ಆ ಬೀಗ ತೆಗೆದು ಈ ಹಿರಿಯರನ್ನ ಕರೆಸಿ, ಹೊರಗಿನ ಹುಡುಗರಿಗೂ ಬೆಲ್ಟ್ ಕಟ್ಟೋದು, ಕ್ರೇನ್ ಹಿಡಿಯೋದು ಕೈಯಾರೆ ಮಾಡ್ಸಿ ತೋರ್ಸಿ. ಫೀಸ್ ತಗೊಳ್ಳಿ ಬೇಕಾದ್ರೆ. ನಮ್ಮ ಚಿಕ್ಕಪ್ಪ ಬರೋಕೆ ಒಪ್ಪಿದಾರೆ, ಪಕ್ಕದೂರಿನ ಆ ಹುಡುಗಾನೂ ಬರ್ತೀನಿ ಅಂದಿದಾನೆ.

ಇಂತಿ,
ತೀರ್ಥಹಳ್ಳಿ ತಾಲೂಕಿನ ಓದುಗ