ಮಗಳಿಗೊಂದು ಪತ್ರ: ಗೆಳತಿಯೂ ನಿನ್ನ ಸಾಲಿನಲ್ಲೇ ನಿಂತಾಗ

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಅತ್ತಿದ್ದು ಇನ್ನೂ ಕಿವಿಯಲ್ಲೇ ಇದೆ. ಎನ್‌ಸಿಸಿಯಲ್ಲಿ ಸೀನಿಯರ್ ಅಂಡರ್ ಆಫೀಸರ್, ಅಂದರೆ ಕೆಡೆಟ್‌ಗಳ ನಾಯಕಿ, ಆದೆ ಅಂತ ಮೊನ್ನೆ ಮೊನ್ನೆ ಕುಣಿದಾಡಿದ್ದೆ. ಈಗ ನೋಡಿದರೆ ನಿನ್ನ ರೂಮ್‌ಮೇಟ್ ಡ್ರಿಲ್‌ನಲ್ಲಿ ಹೆಜ್ಜೆ ತಪ್ಪುತ್ತಿದ್ದಾಳೆ, ಸ್ಪರ್ಧೆಗೆ ಹತ್ತೇ ದಿನ. ಅವಳಿಗೆ ಹೇಗೆ ಹೇಳಲಿ ಎಂದು ಕೇಳಿದೆ. ಆಗ ನನಗೆ ಏನೂ ತೋಚಲಿಲ್ಲ. ಬೆಳಿಗ್ಗೆ ಕಾಲಿನ್ ಪೊವೆಲ್ ನೆನಪಾದರು.

1989ರಲ್ಲಿ ಅಮೆರಿಕದ ಸೇನಾ ಮುಖ್ಯಸ್ಥರ ಮಂಡಳಿಗೆ ಅಧ್ಯಕ್ಷರಾದ ಮೊದಲ ಕಪ್ಪು ಜನರಲ್ ಅವರು. ಸೇನಾ ಅಕಾಡೆಮಿಯಲ್ಲಿ ಓದಿದವರಲ್ಲ. ಜಮೈಕಾದಿಂದ ಬಂದ ಕುಟುಂಬ, ಅಮ್ಮ ಬಟ್ಟೆ ಹೊಲಿಯುತ್ತಿದ್ದರು. 1954ರಲ್ಲಿ ನ್ಯೂಯಾರ್ಕ್‌ನ ಸಿಟಿ ಕಾಲೇಜಿಗೆ ಸೇರಿ, ಅಮ್ಮನ ಆಸೆಯಂತೆ ಎಂಜಿನಿಯರಿಂಗ್ ಹಿಡಿದರು. ಅದು ತಲೆಗೆ ಹತ್ತಲಿಲ್ಲ, ಜಿಯಾಲಜಿಗೆ ಹೋದರು. ಮನಸ್ಸು ಹತ್ತಿದ್ದು ಮಾತ್ರ ಕಾಲೇಜಿನ ಆರ್‌ಒಟಿಸಿಗೆ. ನಮ್ಮ ಎನ್‌ಸಿಸಿ ಥರಾನೇ, ಆದರೆ ಅದು ಸೇನೆಗೆ ಅಧಿಕಾರಿಗಳನ್ನೇ ತಯಾರು ಮಾಡುವ ತರಬೇತಿ. ಮೊದಲು ಸೆಳೆದದ್ದು ಯೂನಿಫಾರ್ಮ್ ಅಂತೆ. ನೀನೂ ಹಾಗೇ ಅಲ್ವಾ?

ಅಲ್ಲಿ ಪರ್ಶಿಂಗ್ ರೈಫಲ್ಸ್ ಎಂಬ ಡ್ರಿಲ್ ತಂಡವಿತ್ತು. ಕೊನೆಯ ವರ್ಷ ಅದಕ್ಕೆ ಪೊವೆಲ್ ನಾಯಕರು. ಸ್ಪರ್ಧೆಯಲ್ಲಿ ಎರಡು ಭಾಗ. ಮಾಮೂಲಿ ಡ್ರಿಲ್ ತಾವೇ ನಡೆಸಿದರು. ಕಸರತ್ತಿನ ಡ್ರಿಲ್ಲನ್ನು ಗೆಳೆಯನಿಗೆ ಬಿಟ್ಟರು. ಗೆಳೆಯನಿಗೆ ಪ್ರೇಮದ ತಾಪತ್ರಯ, ಗಮನವೆಲ್ಲ ಬೇರೆ ಕಡೆ. ಅದು ಪೊವೆಲ್‌ಗೂ ಕಂಡಿತ್ತು. ಕೇಳಿದಾಗ ಅವನು ನಿಭಾಯಿಸುತ್ತೇನೆ ಎಂದ. ಇವರು ಸುಮ್ನಾದರು. ಮಾಮೂಲಿ ಡ್ರಿಲ್‌ನಲ್ಲಿ ಗೆದ್ದರು, ಇನ್ನೊಂದರಲ್ಲಿ ಸೋತರು.

ಅವರು ಈ ಸೋಲನ್ನು ಗೆಳೆಯನ ಮೇಲೆ ಹಾಕಲಿಲ್ಲ. ಅವನನ್ನು ಬದಲಿಸಬೇಕಿತ್ತು, ನಾನು ಬದಲಿಸಲಿಲ್ಲ ಎಂದು ಆತ್ಮಕಥೆಯಲ್ಲಿ ಬರೆದುಕೊಂಡರು. ಎಷ್ಟೋ ಯುದ್ಧ ಕಂಡವರು ಕಾಲೇಜಿನ ಒಂದು ಡ್ರಿಲ್ಲನ್ನು ಮರೆಯಲಿಲ್ಲ ನೋಡು. ನನಗೆ ಅವರ ಮೇಲೆ ಗೌರವ ಜಾಸ್ತಿಯಾಗಿದ್ದು ಅಲ್ಲೇ.

ಆ ಗೆಳೆಯನ ಬಗ್ಗೆಯೂ ಯೋಚಿಸಿದೆ. ಮನಸ್ಸು ಕೆಟ್ಟಿದ್ದಾಗ ಎಲ್ಲರೆದುರು ತಂಡ ನಡೆಸುವುದು ಅವನಿಗೂ ಎಷ್ಟು ಕಷ್ಟವಾಗಿರಬೇಕು! ಯಾರಾದರೂ "ಈ ಸಲ ಬಿಡು ಮಾರಾಯ" ಎಂದಿದ್ದರೆ ಉಸಿರಾಡುತ್ತಿದ್ದನೇನೋ.

ಇವತ್ತು ಪರೇಡ್ ಮುಗಿದ ಮೇಲೆ ಅವಳೊಬ್ಬಳನ್ನೇ ಕೂರಿಸಿಕೋ. ಮೊದಲು ಊಟ ಆಯ್ತಾ ಕೇಳು, ಮನೆ ಕಡೆ ಏನಾದರೂ ತೊಂದರೆಯಾ ಕೇಳು. ಆಮೇಲೆ ಈ ಸಲ ನೀನು ತಂಡದಲ್ಲಿರುವುದು ಬೇಡ ಅಂತ ನೇರವಾಗಿ ಹೇಳು. ಅವಳು ಅತ್ತರೆ ಎದ್ದು ಹೋಗಬೇಡ, ಪಕ್ಕದಲ್ಲೇ ಇರು.

ಭಾನುವಾರ ಅಪ್ಪ ಹಾಸ್ಟೆಲ್ ಕಡೆ ಬರುತ್ತಾರೆ. ಕೋಡುಬಳೆ ಎರಡು ಡಬ್ಬಿ ಕಳಿಸುತ್ತೇನೆ. ಒಂದು ಅವಳಿಗೆ.

ನಿನ್ನ ಅಮ್ಮ