ಟಗ್ ಎಂದರೆ ‘ಸಣ್ಣ ದೋಣಿ’ಯಲ್ಲ

ಮಾನ್ಯ ಸಂಪಾದಕರೇ,

ಕಾರವಾರದ ಕದಂಬ ನೌಕಾನೆಲೆಯ ಸುದ್ದಿ ಬಂದಾಗಲೆಲ್ಲ ನಮ್ಮ ಪತ್ರಿಕೆಗಳು ವಿಮಾನವಾಹಕ ನೌಕೆಯ ಉದ್ದ, ತೂಕ, ವೇಗ ಎಲ್ಲವನ್ನೂ ಬರೆಯುತ್ತವೆ. ಅದರ ಪಕ್ಕ ಹಗ್ಗ ಹಿಡಿದು ನಿಂತ ಟಗ್, ಅಂದರೆ ಬೇರೆ ಹಡಗುಗಳನ್ನು ಎಳೆಯುವ, ಒತ್ತುವ ಹಡಗು, ಮಾತ್ರ ‘ಸಣ್ಣ ದೋಣಿ’ ಆಗಿಬಿಡುತ್ತದೆ. ದಯವಿಟ್ಟು ಇದನ್ನು ತಿದ್ದಿಕೊಳ್ಳಿ. ನೌಕಾಪಡೆ ಸೇರಬೇಕೆಂದಿರುವ ಮಲೆನಾಡಿನ ಮಕ್ಕಳಿಗೆ ಕಡಲು ಮೊದಲು ಕಾಣುವುದೇ ಪತ್ರಿಕೆಯಲ್ಲಿ.

ನಮ್ಮ ನೌಕಾಪಡೆ ತನ್ನ ಸಾಗರಗಾಮಿ ಟಗ್‌ಗಳಿಗೆ ಗಜ, ಮಾತಂಗ ಎಂದು ಹೆಸರಿಟ್ಟಿದೆ. ಎರಡಕ್ಕೂ ಆನೆ ಎಂದೇ ಅರ್ಥ. ಮರ ಕಡಿಯುವ ಕೂಪಿನಲ್ಲಿ ನಾಟಾ ಎಳೆಯುವ ಆನೆಯನ್ನು ಕಂಡವರಿಗೆ ಹೆಸರಿನ ಔಚಿತ್ಯ ಬಿಡಿಸಿ ಹೇಳಬೇಕಿಲ್ಲ. ಪಳಗಿದ ಆನೆ ಒಮ್ಮೆಲೇ ಜಗ್ಗುವುದಿಲ್ಲ; ಸರಪಳಿಯ ಸಡಿಲ ತೆಗೆದು, ಮೈಭಾರ ಮುಂದಕ್ಕೆ ಹಾಕಿ, ಆಮೇಲೆ ಹೆಜ್ಜೆ ಕೀಳುತ್ತದೆ. ಟಗ್ ನಡೆಸುವವರೂ ಮಾಡುವುದು ಅದನ್ನೇ.

ಟಗ್ಗಿನ ಯೋಗ್ಯತೆ ಉದ್ದದಲ್ಲಿಲ್ಲ, ಎಳೆತದಲ್ಲಿದೆ. ಇದಕ್ಕೆ ಬೊಲಾರ್ಡ್ ಪುಲ್ ಎನ್ನುತ್ತಾರೆ. ಧಕ್ಕೆಯ ಗೂಟಕ್ಕೆ ಟಗ್ಗನ್ನು ಬಿಗಿದು, ನಡುವೆ ಮಾಪಕ ಸಿಕ್ಕಿಸಿ, ಎಂಜಿನ್ ಪೂರ್ತಿ ಓಡಿಸಿದಾಗ ಹಗ್ಗದ ಮೇಲೆ ಎಷ್ಟು ಟನ್ ಬಲ ಬೀಳುತ್ತದೆಂದು ನೋಡುತ್ತಾರೆ. ನೌಕಾಪಡೆ ಈಚೆಗೆ ಬಂದರಿನ ಕೆಲಸಕ್ಕೆ ಸೇರಿಸಿಕೊಂಡ ಟಗ್‌ಗಳದ್ದು 25 ಟನ್. ಹಡಗನ್ನು ತಿರುಗಿಸಲು, ಧಕ್ಕೆಗೆ ಒತ್ತಲು ಇವು ಬೇಕು. ತೆರೆದ ಕಡಲಿನ ಲೆಕ್ಕವೇ ಬೇರೆ.

ಅಲ್ಲಿ ಕೆಟ್ಟುನಿಂತ ಹಡಗನ್ನು ಎಳೆದು ತರುವಾಗ ಉಕ್ಕಿನ ಹಗ್ಗವನ್ನು ನೂರಾರು ಮೀಟರ್ ಬಿಡಬೇಕು. ಅದು ತನ್ನ ಭಾರಕ್ಕೆ ನೀರಿನೊಳಗೆ ಜೋತುಬೀಳುತ್ತದೆ. ಅಲೆ ಜಗ್ಗಿದಾಗ ಆ ಜೋಲು ಏಟನ್ನು ನುಂಗಿಕೊಳ್ಳುತ್ತದೆ. ಹಗ್ಗ ಗಿಡ್ಡವಾದರೆ ಜೋಲಿರುವುದಿಲ್ಲ, ಒಂದೇ ಜಗ್ಗಿಗೆ ಕಡಿದೀತು. ಆಳ ಕಡಿಮೆಯಿರುವಲ್ಲಿ ಉದ್ದ ಬಿಟ್ಟರೆ ತಳದ ಬಂಡೆಗೆ ಉಜ್ಜಿ ಸವೆಯುತ್ತದೆ. ಆದ್ದರಿಂದ ದಡ ಹತ್ತಿರವಾದಂತೆ ಹಗ್ಗ ಸುತ್ತುವ ಯಂತ್ರವಾದ ವಿಂಚಿಗೆ ಸುತ್ತಿಕೊಳ್ಳುತ್ತ ಬರಬೇಕು. ಕೆಟ್ಟ ಹಡಗಿನ ಮೂತಿಯಲ್ಲಿ, ಉಜ್ಜುವ ಜಾಗಕ್ಕೆ, ಸರಪಳಿಯೇ ಆಗಬೇಕು. ಹೊರಡುವ ಮೊದಲು ಅದರ ಚುಕ್ಕಾಣಿಯನ್ನು ನೇರಕ್ಕೆ ಬಿಗಿದು, ಪ್ರೊಪೆಲರ್ ಶಾಫ್ಟ್ ತಿರುಗದಂತೆ ಕಟ್ಟಿ, ನೀರು ನುಗ್ಗುವ ಕಿಂಡಿಗಳನ್ನೆಲ್ಲ ಮುಚ್ಚಬೇಕು. ಚುಕ್ಕಾಣಿ ಸಡಿಲವಿದ್ದರೆ ಹಡಗು ಎಡಬಲಕ್ಕೆ ಹೊಯ್ದಾಡಿ ಹಗ್ಗವನ್ನು ತಿನ್ನುತ್ತದೆ.

ಎಲ್ಲಕ್ಕಿಂತ ಭಯಂಕರವಾದದ್ದು ಹಗ್ಗ ಹಿಂಬದಿಯಿಂದ ಪಕ್ಕಕ್ಕೆ ಸರಿಯುವುದು. ಆಗ ಹಿಂದಿನ ಹಡಗಿನ ಭಾರವೇ ಟಗ್ಗನ್ನು ಅಡ್ಡಡ್ಡ ಎಳೆದು ಕ್ಷಣಾರ್ಧದಲ್ಲಿ ಮಗುಚಿಹಾಕುತ್ತದೆ. ಹಗ್ಗವನ್ನು ಹಿಂದೆಯೇ ತಡೆಯುವ ಗೂಟಗಳು, ಭಾರ ಬಿದ್ದಿರುವಾಗಲೇ ಕಳಚಿಕೊಳ್ಳುವ ಕೊಕ್ಕೆ ಇರುವುದು ಇದಕ್ಕೇ. ಇಳಿಜಾರಿನಲ್ಲಿ ನಾಟಾ ಜಾರಿದರೆ ಆನೆಯಾದರೂ ಬಿಟ್ಟು ಸರಿಯಬೇಕಲ್ಲ, ಹಾಗೆ. ಉಪ್ಪುನೀರಿಗೆ ತುಕ್ಕು ಹಿಡಿದ ಕೊಕ್ಕೆ ಆ ಹೊತ್ತಿಗೆ ಬಿಡದಿದ್ದರೆ ಜನ ಉಳಿಯುವುದಿಲ್ಲ. ಪ್ರತಿ ಎಳೆತಕ್ಕೂ ಮುನ್ನ ಅದನ್ನು ಕಳಚಿ ನೋಡಲೇಬೇಕು.

ಇವುಗಳ ಕೆಲಸ ಎಳೆಯುವುದಷ್ಟೇ ಅಲ್ಲ: ಬೆಂಕಿಗೆ ನೀರು ಹಾಯಿಸುವುದು, ಮುಳುಗುಗಾರರನ್ನು ಇಳಿಸುವುದು, ಗುರಿ ಅಭ್ಯಾಸದ ತೆಪ್ಪ ಎಳೆಯುವುದೂ ಇದೆ. ಅಮೆರಿಕದ ಪೌಹಾಟನ್ ವರ್ಗದಲ್ಲಿ ಇಂಥ 7 ಟಗ್‌ಗಳಿದ್ದವು. 2000ದಲ್ಲಿ ಯೆಮೆನ್‌ನ ಏಡನ್ ಬಂದರಿನಲ್ಲಿ ಸ್ಫೋಟಕ್ಕೆ ಸಿಕ್ಕ ಅಮೆರಿಕದ ಕೋಲ್ ಯುದ್ಧನೌಕೆಯನ್ನು ಹೊರಗೆಳೆದದ್ದು ಇವುಗಳಲ್ಲಿ ಒಂದಾದ ಕಟಾಬಾ. 2015ರಲ್ಲಿ ಮುಳುಗಿದ ಎಲ್ ಫಾರೊ ಸರಕು ಹಡಗನ್ನು ಸುಮಾರು 15,000 ಅಡಿ ಆಳದಲ್ಲಿ ಪತ್ತೆಹಚ್ಚಿದ್ದು ಅದೇ ವರ್ಗದ ಅಪಾಚೆ.

ಟಗ್ಗಿಗೂ ಕಡಲು ಸಲಿಗೆ ಕೊಡುವುದಿಲ್ಲ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಘಟ್ಟದ ಕೆಳಗೆ, ಮೂಲ್ಕಿಯ ಬಂಡೆಗಳಿಗೆ ಸಿಕ್ಕಿಕೊಂಡ ಕೋರಮಂಡಲ್ ಸಪೋರ್ಟರ್ ಟಗ್ಗಿನಿಂದ 9 ಮಂದಿಯನ್ನು ಪಾರುಮಾಡಲು ಕೋಸ್ಟ್ ಗಾರ್ಡ್ ಜೊತೆಗೆ ನೌಕಾಪಡೆಯ ಹೆಲಿಕಾಪ್ಟರೂ ಬರಬೇಕಾಯಿತು.

ಮುಂದಿನ ಸಲ ಚಿತ್ರ ಹಾಕುವಾಗ ಟಗ್ಗಿನ ಹೆಸರು, ಅದರ ಎಳೆತ ಎಷ್ಟು ಟನ್ ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿ.

ಇಂತಿ,
ನಿಮ್ಮ ಓದುಗರು,
ಸಾಗರ, ಶಿವಮೊಗ್ಗ ಜಿಲ್ಲೆ